ಕಲ್ಲಚ್ಚಿನಿಂದ ಕ್ಲಾಸ್‌ರೂಮಿಗೆ

ಮಿಶ್ರಿಕೋಟಿಯಂಥ ಊರಿನಲ್ಲಿ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ‘ನಾ ಜರ್ನಲಿಸಂ ಓದತೇನಿ’ ಅಂದರೆ ಮನೆಯ ಹಿರಿಯರು ಕೇಳುವ ಮೊದಲ ಮಾತು, ‘ಪೇಪರಿಗೆ ಬರಿಯಾಕ ಕಾಲೇಜ್ ಯಾಕ ಬೇಕವ್ವಾ?’ ಇದನ್ನು ಹಳ್ಳಿಯವರ ಅರಿಯದ ಮಾತೆಂದು ತಳ್ಳಿಹಾಕಬಾರದು. ಕನ್ನಡ ಪತ್ರಿಕೆಗಳನ್ನು ಒಂದು ನೂರು ವರ್ಷ ನಡೆಸಿದವರು ಅಂಥ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹಾಗಿದ್ದರೆ ಬರವಣಿಗೆ, ಫೋಟೊ, ಸಾರ್ವಜನಿಕ ಸಂಪರ್ಕ ಮೂರೂ ಪಠ್ಯವಾಗಿ, ಇವತ್ತು ಬೆಂಗಳೂರು, ಮಂಗಳೂರಿನ ಕ್ರೈಸ್ತ ವಿಶ್ವವಿದ್ಯಾಲಯಗಳಲ್ಲಿ ಸೀಟಿಗಾಗಿ ಪೈಪೋಟಿ ನಡೆಯುವ ಮಟ್ಟಕ್ಕೆ ಬಂದದ್ದು ಹೇಗೆ? ಆ ದಾರಿಯ ಒಂದು ತುದಿ ಕಲಘಟಗಿ ತಾಲ್ಲೂಕಿನ ಈ ಊರಿಗೆ ತೀರ ದೂರವೇನಲ್ಲ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೂರು ವರ್ಷದಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, ಆಮೇಲೆ ಬೆಟಗೇರಿಗೆ ಅವರ ಕೇಂದ್ರಗಳು ಬಂದವು. ಮತಪ್ರಚಾರ ಅವರ ಉದ್ದೇಶವಾಗಿತ್ತು, ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ಆ ಕೆಲಸಕ್ಕೆ ಬಂದವರು ಮೊದಲು ಮಾಡಿದ್ದು ಕನ್ನಡ ಕಲಿಕೆ. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಏಳು ವರ್ಷದೊಳಗೆ ಒಂದು ಕನ್ನಡ ಪತ್ರಿಕೆಯನ್ನೇ ಹೊರಡಿಸಿದರು. 1843ರ ಜುಲೈ 1ರಂದು ಹೊರಬಿದ್ದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ.

ಆ ಪತ್ರಿಕೆ ಅಚ್ಚಾದ ಬಗೆಯನ್ನು ಇವತ್ತಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕು. ಮಿಶನ್ನಿನ ಬಳಿ ಆಗ ಅಚ್ಚಿನ ಮೊಳೆಗಳಿರಲಿಲ್ಲ, ಇದ್ದದ್ದು ಕಲ್ಲಚ್ಚು. ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದ ಅಕ್ಷರ ನಯವಾದ ಕಲ್ಲಿನ ಮೇಲೆ ಮೂಡಬೇಕು. ಕಲ್ಲಿಗೆ ನೀರು ಸವರಿ ಮಸಿಯ ಉರುಳೆ ಹಾಯಿಸಿದರೆ ಅಕ್ಷರವಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ, ನೀರಿದ್ದ ಕಡೆ ಜಾರುತ್ತದೆ. ಅಂದರೆ ಕನ್ನಡದ ಮೊದಲ ಪತ್ರಿಕೆ ಕೈಬರಹದ ಪತ್ರಿಕೆ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿರೂಪ, ದೂರದೇಶದ ಸುದ್ದಿ, ಜತೆಗೆ ದಾಸರ ಪದ. ಮಿಶನರಿಯೊಬ್ಬ ಪುರಂದರದಾಸರನ್ನು ಅಚ್ಚು ಹಾಕಿದ್ದು ಓದುಗ ಯಾರೆಂದು ಅವನಿಗೆ ಗೊತ್ತಿದ್ದುದರಿಂದ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಕನ್ನಡ ಸಾಹಿತ್ಯಕ್ಕೆ ಮಾಡಿದ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇದೇ ಮಿಶನ್ನಿನವರ ಇನ್ನೊಂದು ಬರವಣಿಗೆಯ ಕಡೆ ನಮ್ಮವರ ಗಮನ ಅಷ್ಟಾಗಿ ಹೋಗಿಲ್ಲ. ಇಲ್ಲಿಯ ಕೇಂದ್ರಗಳಿಂದ ಬಾಸೆಲ್ಲಿಗೆ ನಿಯಮಿತವಾಗಿ ವರದಿಗಳು ಹೋಗುತ್ತಿದ್ದವು. ಅವುಗಳಲ್ಲಿ ಆಯ್ದದ್ದು 1828ರಿಂದ ಪ್ರಕಟವಾಗುತ್ತಿದ್ದ ಮಿಶನ್ನಿನ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾಗಿ, ದೇಣಿಗೆ ಕೊಡುವ ಕುಟುಂಬಗಳ ಕೈ ಸೇರುತ್ತಿತ್ತು. ಕ್ಯಾಮೆರಾ ಬಂದಮೇಲೆ ಫೋಟೊಗಳೂ ಹೋದವು. ಈ ಸೀಮೆಯ ಶಾಲೆ, ಬೀದಿ, ಜನರ ಹಳೆಯ ಚಿತ್ರಗಳು ಬಾಸೆಲ್ಲಿನ ದಾಖಲಾಲಯದಲ್ಲಿ ಇವತ್ತಿಗೂ ಭದ್ರವಾಗಿವೆ. ನಮ್ಮ ಚರಿತ್ರೆಗೆ ಅವು ದೊಡ್ಡ ಆಸ್ತಿ. ಆದರೆ ಅವನ್ನು ತೆಗೆದದ್ದು ನಮಗೆ ತೋರಿಸಲಿಕ್ಕಲ್ಲ, ಹಣ ಕೊಡುವವರಿಗೆ ತೋರಿಸಲಿಕ್ಕೆ. ಸಾರ್ವಜನಿಕ ಸಂಪರ್ಕ ಎಂಬ ಹೆಸರು ಆಗ ಇರಲಿಲ್ಲ, ಕೆಲಸ ಮಾತ್ರ ಅದೇ. ಮಂಗಳೂರಿನ ಓದುಗನಿಗೆ ಬರೆಯುವಾಗ ಒಂದು ಲೆಕ್ಕ, ಬಾಸೆಲ್ಲಿನ ದಾನಿಗೆ ಬರೆಯುವಾಗ ಇನ್ನೊಂದು. ಪತ್ರಿಕೋದ್ಯಮವನ್ನೂ ಸಾರ್ವಜನಿಕ ಸಂಪರ್ಕವನ್ನೂ ಒಂದೇ ಡಿಗ್ರಿಯಲ್ಲಿ ಓದುವವರು ಮೊದಲು ತಿಳಿಯಬೇಕಾದ ವ್ಯತ್ಯಾಸ ಇದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನ ನೂರು ವರ್ಷ ಪತ್ರಿಕೆಯ ಕಚೇರಿಯೇ ಶಾಲೆಯಾಗಿತ್ತು. ಧಾರವಾಡದಲ್ಲಿ 1921ರಲ್ಲಿ ಆರ್.ಆರ್. ದಿವಾಕರರ ‘ಕರ್ಮವೀರ’ ಹುಟ್ಟಿತು. ಬೆಳಗಾವಿಯಲ್ಲಿ ಶುರುವಾದ ‘ಸಂಯುಕ್ತ ಕರ್ನಾಟಕ’ ಹುಬ್ಬಳ್ಳಿಗೆ ಬಂದು ಬೇರೂರಿತು. 1956ರಲ್ಲಿ ‘ಕಸ್ತೂರಿ’ ಬಂತು, ಪಾ.ವೆಂ. ಆಚಾರ್ಯರು ಅದನ್ನು ಮನೆಮನೆಯ ಮಾಸಿಕವನ್ನಾಗಿ ಬೆಳೆಸಿದರು. ಇಲ್ಲೆಲ್ಲ ಪ್ರೂಫ್ ತಿದ್ದುತ್ತಲೇ ಕಲಿತವರು ಮುಂದೆ ಸಂಪಾದಕರಾದರು.

ಆ ನಡುವೆ ಹೊರಗೆ ಲೋಕ ಬದಲಾಗಿತ್ತು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆಯಿತು. ಎರಡೇ ವರ್ಷದಲ್ಲಿ ಜೆಸ್ಯೂಟ್ ಪಾದ್ರಿಗಳ ಮಾರ್ಕೆಟ್ ವಿಶ್ವವಿದ್ಯಾಲಯವೂ ಪತ್ರಿಕೋದ್ಯಮ ಕಲಿಸತೊಡಗಿತು. ಆ ಗಾಳಿ ನಮ್ಮ ಕಡೆಗೂ ಬೀಸಿತು. ಆಗಿನ ಧಾರವಾಡ ಜಿಲ್ಲೆಯ, ಈಗಿನ ಹಾವೇರಿ ಜಿಲ್ಲೆಯ ಕುರುಬಗೊಂಡದ ಪಾಟೀಲ ಪುಟ್ಟಪ್ಪನವರು 1949ರಲ್ಲಿ ಪತ್ರಿಕೋದ್ಯಮ ಓದಲು ಕ್ಯಾಲಿಫೋರ್ನಿಯಾಕ್ಕೆ ಹೋದರು. ತಿರುಗಿ ಬಂದು 1954ರಲ್ಲಿ ಹುಬ್ಬಳ್ಳಿಯಲ್ಲಿ ‘ಪ್ರಪಂಚ’ ವಾರಪತ್ರಿಕೆ ತೆಗೆದರು. ಕ್ಯಾಲಿಫೋರ್ನಿಯಾದ ಓದು ಅವರ ಜವಾರಿ ಮಾತಿನ ಖಾರವನ್ನು ಕಡಿಮೆ ಮಾಡಲಿಲ್ಲ. ಮಿಸೌರಿಯಲ್ಲಿ ಓದಿ ಬಂದ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ತರಗತಿ ಆರಂಭಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಾಗಪುರದಲ್ಲಿ ಸ್ಕಾಟ್ಲೆಂಡಿನ ಮಿಶನರಿಗಳು ಕಟ್ಟಿದ ಹಿಸ್ಲಾಪ್ ಕಾಲೇಜಿನಲ್ಲಿ, ಅಮೆರಿಕದಿಂದ ಬಂದ ಪ್ರಾಧ್ಯಾಪಕ ರೋಲಂಡ್ ವೂಲ್ಸಲಿಯವರ ಮುಂದಾಳುತನದಲ್ಲಿ ಪತ್ರಿಕೋದ್ಯಮ ವಿಭಾಗ ಎದ್ದಿತು.

ಫೋಟೊ ಪತ್ರಿಕೋದ್ಯಮದಲ್ಲಿ ನಮ್ಮ ದೊಡ್ಡ ಹೆಸರು ಮೈಸೂರಿನ ಟಿ.ಎಸ್. ಸತ್ಯನ್. ಅದಕ್ಕೆಂದು ಅವರು ಯಾವ ಕಾಲೇಜನ್ನೂ ಸೇರಿದವರಲ್ಲ. 1948ರಲ್ಲಿ ಹೊಸದಾಗಿ ಶುರುವಾದ ‘ಡೆಕ್ಕನ್ ಹೆರಾಲ್ಡ್’ ಸೇರಿದರು, ಮುಂದೆ ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ, ಮಕ್ಕಳ ಬದುಕನ್ನು ಯುನಿಸೆಫ್‌ಗಾಗಿ ಚಿತ್ರಿಸಿದರು. ಅವರ ಚಿತ್ರಗಳಲ್ಲಿ ಬಡವರು ಕರುಣೆಗೆ ಕೈಚಾಚಿ ನಿಂತವರಲ್ಲ. ಮಿಶನ್ನಿನ ಹಳೆಯ ಫೋಟೊಗಳ ಪಕ್ಕದಲ್ಲಿ ಸತ್ಯನ್ ಚಿತ್ರಗಳನ್ನಿಟ್ಟು ಒಂದು ದಿನ ಪಾಠ ಮಾಡಿದರೂ ವಿದ್ಯಾರ್ಥಿಯ ಕಣ್ಣು ತೆರೆಯುತ್ತದೆ.

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಹಿಂದೆಯೂ ಒಂದು ಅಚ್ಚುಕೂಟದ ಕತೆಯಿದೆ. 1969ರಲ್ಲಿ ಆ ಕಾಲೇಜನ್ನು ತೆರೆದದ್ದು ಸಿಎಂಐ ಎಂಬ ಸಂನ್ಯಾಸಿ ಸಭೆ. ಅದರ ಸ್ಥಾಪಕರಲ್ಲೊಬ್ಬರಾದ ಕುರಿಯಾಕೋಸ್ ಏಲಿಯಾಸ್ ಚಾವರ 1846ರಲ್ಲೇ ಕೇರಳದ ಮಾನ್ನಾನಂನಲ್ಲಿ ಮರದ ಅಚ್ಚುಯಂತ್ರ ಮಾಡಿಸಿ ಮುದ್ರಣಾಲಯ ತೆರೆದಿದ್ದರು. 1887ರಲ್ಲಿ ಮಲಯಾಳದ ‘ದೀಪಿಕಾ’ ಪತ್ರಿಕೆ ಅಚ್ಚಾಗತೊಡಗಿದ್ದು ಅಲ್ಲಿಯೇ. ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಪತ್ರಿಕೋದ್ಯಮ, ಮನಶ್ಶಾಸ್ತ್ರ, ಇಂಗ್ಲಿಷ್ ಮೂರನ್ನೂ ಒಟ್ಟಿಗೆ ಓದುವ ಅದರ ಬಿಎ ಕೋರ್ಸು ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಸೆಳೆಯಿತು. 1880ರಲ್ಲಿ ಜೆಸ್ಯೂಟರು ಕಟ್ಟಿದ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಗಿದೆ. ನನಗೆ ಅಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ‘ರೇಡಿಯೊ ಸಾರಂಗ್’ ಎಂಬ ಸಮುದಾಯ ಬಾನುಲಿ. ಕನ್ನಡ, ತುಳು, ಕೊಂಕಣಿಯಲ್ಲಿ ಅದು ಸುತ್ತಲಿನ ಜನರ ಮಾತನ್ನು ಬಿತ್ತರಿಸುತ್ತದೆ. ಮೊಗ್ಲಿಂಗರ ಊರಿನಲ್ಲಿ ಅವರ ದಾರಿ ಇನ್ನೂ ಸವೆದಿಲ್ಲ.

ಇಲ್ಲಿಗೆ ಬಂದಾಗ ನನ್ನ ಮನಸ್ಸು ಮತ್ತೆ ಕಲಘಟಗಿ ಸೀಮೆಗೆ ಹೋಗುತ್ತದೆ. ಈ ವಿಶ್ವವಿದ್ಯಾಲಯಗಳಲ್ಲಿ ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಹೋದ ಹುಡುಗ ಹುಡುಗಿಯರು ಮೊದಲ ವರ್ಷ ತಡವರಿಸುತ್ತಾರೆ, ಕಲಿತಮೇಲೆ ಊರಿನ ಸುದ್ದಿಯನ್ನು ಊರಿನ ಮಾತಿನಲ್ಲಿ ಬರೆಯಲು ತಡವರಿಸುತ್ತಾರೆ. ಬರೆಯಲಿಕ್ಕೆ ಇಲ್ಲಿ ಏನು ಕಡಿಮೆ? ಬಣ್ಣದ ಕಲಘಟಗಿ ತೊಟ್ಟಿಲು ಮಾಡುವ ಕೈಗಳಿವೆ, ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳಿದ್ದಾರೆ. 1980ರ ಜುಲೈ 21ರ ನವಲಗುಂದ ರೈತ ಬಂಡಾಯವನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಇದ್ದಾರೆ. ಅವರ ಮಾತನ್ನು ದಾಖಲಿಸುವ ಕಾಲ ಜಾರುತ್ತಿದೆ.

ಆದ್ದರಿಂದ ಈ ವಿಶ್ವವಿದ್ಯಾಲಯಗಳ ಹಿರಿಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಪತ್ರಿಕೋದ್ಯಮದ ಪ್ರತಿ ವಿದ್ಯಾರ್ಥಿಗೂ ಕನ್ನಡ ವರದಿಗಾರಿಕೆಯ ಒಂದು ಪತ್ರಿಕೆ ಕಡ್ಡಾಯವಾಗಲಿ. ಡಿಗ್ರಿ ಮುಗಿಯುವ ಮುನ್ನ ಒಂದು ತಿಂಗಳನ್ನಾದರೂ ಅವರು ತಾಲ್ಲೂಕು ಕೇಂದ್ರದ ವರದಿಗಾರನ ಜತೆ, ಎಪಿಎಂಸಿ, ಸಂತೆ, ಗ್ರಾಮಸಭೆಗಳಲ್ಲಿ ಕಳೆಯಲಿ. ಮಿಶ್ರಿಕೋಟಿಯ ತಂದೆತಾಯಿಗಳಿಗೂ ಒಂದು ಮಾತು: ಮಗಳು ಜರ್ನಲಿಸಂ ಓದುತ್ತೇನೆಂದರೆ ಕಳಿಸಿರಿ. ಸೇರಿಸುವ ದಿನ ಮಾತ್ರ ‘ನಮ್ಮ ಹುಡುಗಿಗೆ ಕನ್ನಡದಾಗೂ ಬರಿಯಾಕ ಕಲಿಸತೀರೇನ್ರಿ?’ ಎಂದು ಕೇಳದೆ ಫೀ ಕಟ್ಟಬೇಡಿರಿ.