ಟೆಂಪರೇಚರ್ ಮುಳ್ಳು ಮೇಲೇಳುತ್ತಿಲ್ಲವೇ? ತಣ್ಣಗೆ ಓಡುವ ಡೀಸೆಲ್ ಎಂಜಿನ್‌ಗೂ ಚಿಕಿತ್ಸೆ ಬೇಕು

ರೇಡಿಯೇಟರ್ ಕುದಿಯಿತು ಅಂದರೆ ನಾವೆಲ್ಲ ಗಾಬರಿಯಾಗಿ ಗಾಡಿಯನ್ನು ರಸ್ತೆ ಬದಿಗೆ ಹಾಕುತ್ತೇವೆ. ಅದೇ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿದ್ದರೆ, “ನಮ್ಮ ಗಾಡಿ ಎಷ್ಟು ಓಡಿಸಿದ್ರೂ ಬಿಸಿಯೇ ಆಗಲ್ಲ ಕಣ್ರೀ” ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರೇ ಹೆಚ್ಚು. ರೈತರ ಮನೆಯ ಜೀಪು, ಪಿಕಪ್, ಟ್ರ್ಯಾಕ್ಟರ್ ಎಲ್ಲದಕ್ಕೂ ಸಂಬಂಧಪಟ್ಟ ವಿಷಯವಾದ್ದರಿಂದ ಈ ವಾರ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ನಮ್ಮ ತೋಟ ಇರುವುದು ಮೂಡಿಗೆರೆ ಕಡೆ. ತೋಟದ ಓಡಾಟಕ್ಕೆಂದು ಒಂದು ಹಳೆಯ ಡೀಸೆಲ್ ಜೀಪನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ, ಹೊಗೆಯಲ್ಲಿ ಹಸಿ ಡೀಸೆಲ್ ವಾಸನೆ. ಲೀಟರಿಗೆ 13 ಕಿಲೋಮೀಟರ್ ಕೊಡಬೇಕಾದ ಗಾಡಿ 10 ದಾಟುತ್ತಿರಲಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಗೆರೆಗಿಂತ ಒಂದಿಷ್ಟು ಮೇಲೇ ಇತ್ತು! ಮೂಸಿದೆ, ಅದರಲ್ಲೂ ಡೀಸೆಲ್ ವಾಸನೆ.

ಇದಕ್ಕೆಲ್ಲ ಒಂದೇ ಕಾರಣ. ಡೀಸೆಲ್ ಎಂಜಿನ್‌ಗೆ ಬೆಂಕಿ ಹಚ್ಚಲು ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಉರಿಯಬೇಕು. ಸಿಲಿಂಡರ್ ಗೋಡೆ ತಣ್ಣಗಿದ್ದರೆ ಆ ಶಾಖವನ್ನು ಗೋಡೆಯೇ ಎಳೆದುಕೊಳ್ಳುತ್ತದೆ. ಅರ್ಧ ಉರಿದ ಡೀಸೆಲ್ ಸ್ವಲ್ಪ ಹೊಗೆಯಾಗಿ ಹೋಗುತ್ತದೆ, ಸ್ವಲ್ಪ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ತೆಳ್ಳಗಾದ ಆಯಿಲ್‌ನಲ್ಲಿ ರಿಂಗ್, ಲೈನರ್, ಬೇರಿಂಗ್ ಸವೆಯುತ್ತವೆ. ಅದಕ್ಕೇ ಕೂಲೆಂಟ್ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು ಅಂತ ಎಂಜಿನ್ ಮಾಡಿದವರು ಲೆಕ್ಕ ಹಾಕಿರುತ್ತಾರೆ.

ಬಿಎಸ್-6 ಗಾಡಿಯವರಿಗೆ ಇನ್ನೊಂದು ತಲೆನೋವಿದೆ. ಎಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಸೈಲೆನ್ಸರ್ ಕಡೆಯ ಡಿಪಿಎಫ್ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವುದಿಲ್ಲ. ಫಿಲ್ಟರ್ ಕಟ್ಟಿತೆಂದರೆ ಅದರ ಬಿಲ್ಲು ನೋಡಿ ನಾವೇ ಬಿಸಿಯಾಗಬೇಕು.

ಪತ್ತೆ ಮಾಡುವುದಕ್ಕೆ ಬರೋಣ. ಮೊದಲು ಗಾಡಿಗೆ ಬಿಸಿಯಾಗಲು ಅವಕಾಶ ಕೊಟ್ಟಿದ್ದೀರಾ ನೋಡಿ. ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಬಹಳ ನಿಧಾನವಾಗಿ ಬಿಸಿಯಾಗುತ್ತದೆ. ಹಾಲಿನ ಕ್ಯಾನ್ ಇಟ್ಟುಕೊಂಡು ಡೈರಿಗೆ ಮೂರು ಕಿಲೋಮೀಟರ್ ಹೋಗಿ ಬಂದರೆ ಯಾವ ಗಾಡಿಯ ಮುಳ್ಳೂ ಮಧ್ಯಕ್ಕೆ ಬರುವುದಿಲ್ಲ, ಅದು ರೋಗವಲ್ಲ. ಸಮತಟ್ಟು ರಸ್ತೆಯಲ್ಲಿ 15-20 ಕಿಲೋಮೀಟರ್ ಓಡಿಸಿ. ಆಮೇಲೂ ಮುಳ್ಳು ಕೆಳಗೇ ಇದ್ದರೆ ಅಥವಾ ಏರಿದ್ದು ಇಳಿಜಾರಿನಲ್ಲಿ ಮತ್ತೆ ಬಿದ್ದರೆ ಅನುಮಾನ ಪಡಿ.

ಎರಡನೆಯದು, ಮುಳ್ಳು ಸುಳ್ಳು ಹೇಳುತ್ತಿರಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ರೇಡಿಯೇಟರ್ ಮುಚ್ಚಳ ತೆಗೆದು ಕೂಲೆಂಟ್ ಎಷ್ಟಿದೆ ನೋಡಿ. ಬಿಸಿ ಇರುವಾಗ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಮುಖಕ್ಕೆ ಎರಚುತ್ತದೆ. ಕೂಲೆಂಟ್ ತೀರಾ ಕಡಿಮೆಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಿದ್ದರೆ ಒಳಗೆ ಎಂಜಿನ್ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ತಣ್ಣಗಿದೆ ಎಂದೇ ತೋರಿಸಬಹುದು. ಇದು ಎಲ್ಲಕ್ಕಿಂತ ಅಪಾಯದ ಸ್ಥಿತಿ. ಸೆನ್ಸರಿನ ವೈರ್ ತುಕ್ಕು ಹಿಡಿದು ಅಥವಾ ಇಲಿ ಕಡಿದೂ ಹೀಗಾಗುತ್ತದೆ. (ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಗೆ ಇಲಿಯೇ ಮೊದಲ ಮೆಕ್ಯಾನಿಕ್ಕು!)

ಹಣೆಗೆ ತೋರಿಸಿ ಜ್ವರ ನೋಡುವ ಗನ್ ಇದಕ್ಕೆ ಆಗುವುದಿಲ್ಲ. ಯಂತ್ರಗಳಿಗೆಂದೇ ಬರುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಗುತ್ತದೆ. ಚೆನ್ನಾಗಿ ಓಡಿಸಿ ಬಂದ ತಕ್ಷಣ ಅದನ್ನು ಥರ್ಮೋಸ್ಟಾಟ್ ಕೂತಿರುವ ಡಬ್ಬಿಗೆ ಹಿಡಿಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ, ಆದ್ದರಿಂದ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿದರೆ ಒಳ್ಳೆಯದು. ಅಲ್ಲಿ 80ರ ಮೇಲಿದ್ದು ಮುಳ್ಳು ಮಾತ್ರ ಕೆಳಗಿದ್ದರೆ ತೊಂದರೆ ಸೆನ್ಸರ್ ಅಥವಾ ಗೇಜಿನದು. ಅಲ್ಲಿಯೂ 55-60 ಇದ್ದರೆ ಎಂಜಿನ್ ನಿಜಕ್ಕೂ ತಣ್ಣಗಿದೆ. ಹೊಸ ಗಾಡಿಗಳನ್ನು ಸ್ಕ್ಯಾನರ್‌ಗೆ ಹಾಕಿದರೆ ಡಿಗ್ರಿ ನೇರವಾಗಿ ಕಾಣುತ್ತದೆ. ಪಿ0128 ಎಂಬ ಕೋಡ್ ಬಂದರೆ ಅದರ ಅರ್ಥವೂ ಇದೇ, ಕೂಲೆಂಟ್ ಬರಬೇಕಾದ ಬಿಸಿಗೆ ಬಂದಿಲ್ಲ ಅಂತ.

ಯಾವ ಸಲಕರಣೆಯೂ ಇಲ್ಲದೆ ಮಾಡಬಹುದಾದ ಪರೀಕ್ಷೆ ಒಂದಿದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಎಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಬರುವ ದಪ್ಪ ಹೋಸನ್ನು ಆಗಾಗ ಮುಟ್ಟಿ ನೋಡುತ್ತಿರಿ (ಫ್ಯಾನ್, ಬೆಲ್ಟಿನಿಂದ ಕೈ, ಪಂಚೆ, ಟವೆಲ್ ದೂರವಿರಲಿ). ಥರ್ಮೋಸ್ಟಾಟ್ ಸರಿ ಇದ್ದರೆ ಹೋಸ್ ಬಹಳ ಹೊತ್ತು ಹೆಚ್ಚುಕಮ್ಮಿ ತಣ್ಣಗೇ ಇದ್ದು, ವಾಲ್ವ್ ತೆರೆದಾಗ ಬೇಗನೆ ಬಿಸಿಯೇರುತ್ತದೆ. ಶುರುವಿನಿಂದಲೇ ಉಗುರು ಬೆಚ್ಚಗಾಗಿ ಎಂಜಿನ್ ಜೊತೆಗೇ ನಿಧಾನ ಏರುತ್ತಾ ಹೋದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಜೊತೆಗೆ ಫ್ಯಾನನ್ನೂ ಗಮನಿಸಿ. ಕರೆಂಟ್ ಫ್ಯಾನ್ ತಣ್ಣಗಿರುವಾಗಲೂ ತಿರುಗುತ್ತಲೇ ಇದ್ದರೆ, ವಿಸ್ಕಸ್ ಫ್ಯಾನ್ ಸದಾ ಭೋರೆಂದು ಸದ್ದು ಮಾಡುತ್ತಿದ್ದರೆ ಅದನ್ನೂ ತೋರಿಸಬೇಕು. ಆದರೆ ಬಿಸಿಯಾಗದಿರುವುದಕ್ಕೆ ಸಾಮಾನ್ಯ ಅಪರಾಧಿ ಥರ್ಮೋಸ್ಟಾಟೇ.

ನಮ್ಮ ಜೀಪಿನ ಹೋಸ್ ಎರಡೇ ನಿಮಿಷಕ್ಕೆ ಬೆಚ್ಚಗಾಯಿತು. ಡಬ್ಬಿ ಬಿಚ್ಚಿಸಿದರೆ ಒಳಗೆ ವಾಲ್ವೇ ಇರಲಿಲ್ಲ! ಹಿಂದಿನವರ ಕಾಲದಲ್ಲಿ ಯಾರೋ ಕಿತ್ತು ಎಸೆದಿದ್ದರು. ಬಿಚ್ಚಿದ ಹುಡುಗ ನಗುತ್ತಾ, “ಅಣ್ಣಾ, ಬೇಸಿಗೇಲಿ ಬಿಸಿ ಆಗ್ಬಾರ್ದು ಅಂತ ಎಲ್ರೂ ತೆಗೆಸ್ತಾರೆ, ಹಂಗೇ ಮುಚ್ಚಿಬಿಡ್ಲಾ?” ಅಂದ.

ಬೇಡ ಅಂದೆ. ಕಾರಣ ಇದೆ. ಅನೇಕ ಎಂಜಿನ್‌ಗಳ ಥರ್ಮೋಸ್ಟಾಟ್‌ಗೆ ಎರಡು ತಟ್ಟೆ ಇರುತ್ತದೆ. ಬಿಸಿಯಾದಾಗ ಮೇಲಿನ ತಟ್ಟೆ ರೇಡಿಯೇಟರ್ ದಾರಿ ತೆರೆಯುತ್ತದೆ, ಅದೇ ವೇಳೆಗೆ ಕೆಳಗಿನ ತಟ್ಟೆ ಬೈಪಾಸ್ ದಾರಿ ಮುಚ್ಚುತ್ತದೆ. ವಾಲ್ವನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ. ಒಂದು ಪಾಲು ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಬಯಲಿನಲ್ಲಿ ತಣ್ಣಗೆ ಓಡುತ್ತಿದ್ದ ನಮ್ಮ ಜೀಪು ಉಜಿರೆಯಿಂದ ಗೊಬ್ಬರ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಮುಳ್ಳು ಕೆಂಪಿಗೆ ಬರುತ್ತಿದ್ದುದು ಯಾಕೆಂದು ಆಗ ಗೊತ್ತಾಯಿತು. ಬಿಸಿಯಾಗದಿರಲಿ ಎಂದು ಕಿತ್ತದ್ದೇ ಘಾಟಿಯಲ್ಲಿ ಬಿಸಿ ಮಾಡುತ್ತಿತ್ತು.

ಹೊಸ ವಾಲ್ವ್ ತಂದರೂ ಕುದಿಸಿ ನೋಡಿಯೇ ಹಾಕಿಸಿ. ಅದರ ಮೇಲೆ 82 ಅಥವಾ 88 ಹೀಗೆ ಎಷ್ಟು ಡಿಗ್ರಿಗೆ ತೆರೆಯಲು ಶುರುವಾಗುತ್ತದೆ ಎಂದು ಕೊರೆದಿರುತ್ತದೆ. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ವಾಲ್ವನ್ನು ತಳ ಮುಟ್ಟದಂತೆ ದಾರದಲ್ಲಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಒಳಗಿನ ಮೇಣ ಕರಗಿ ಹಿಗ್ಗಿ ತಟ್ಟೆಯನ್ನು ತಳ್ಳುವುದು ಕಣ್ಣಿಗೇ ಕಾಣುತ್ತದೆ. ಕೊರೆದ ಅಂಕಿಯ ಆಸುಪಾಸಿನಲ್ಲಿ ತೆರೆಯಲಾರಂಭಿಸಿ, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದು, ತಣ್ಣಗಾದಾಗ ಪೂರ್ತಿ ಮುಚ್ಚಿಕೊಳ್ಳಬೇಕು. ನಮ್ಮಲ್ಲಿ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರವಾದ್ದರಿಂದ ನೀರು 97 ಡಿಗ್ರಿಗೇ ಕುದಿಯುತ್ತದೆ, ಪರೀಕ್ಷೆಗೆ ಅಷ್ಟು ಸಾಕು.

ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿಸಿ. ವಾಲ್ವಿನ ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ, ಕಂಪನಿ ಬೇರೆ ಹೇಳಿರದಿದ್ದರೆ ಅದು ಮೇಲ್ಭಾಗಕ್ಕೆ ಬರಲಿ, ಗಾಳಿ ಹೊರಹೋಗುವ ದಾರಿ ಅದು. ಬೋರ್‌ವೆಲ್ಲಿನ ಗಡಸು ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಕೂಲೆಂಟನ್ನು ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ ಶುದ್ಧ ನೀರಿಗೆ ಬೆರೆಸಿ ಹಾಕಿ. ಇಳಿಸಿದ ಹಳೆ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ರುಚಿ ಸಿಹಿ, ನಾಯಿಗೂ ದನಕ್ಕೂ ವಿಷ.

ಡೀಸೆಲ್ ಸೇರಿದ ಆಯಿಲ್, ಫಿಲ್ಟರ್ ಎರಡನ್ನೂ ಅವತ್ತೇ ಬದಲಿಸಿದೆವು. ಮುಳ್ಳು ಈಗ ಮಧ್ಯದಲ್ಲಿ ನಿಲ್ಲುತ್ತದೆ, ಘಾಟಿಯಲ್ಲೂ ಅಷ್ಟೇ. ಮೈಲೇಜ್ 12ರ ಮೇಲೆ ಬಂದಿದೆ.

ಹೊಳೆ, ಬಾವಿಯ ಬಳಿ ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡವರು ಒಂದು ಗಮನಿಸಿ. ಪಂಪಿನ ನೀರನ್ನೇ ಸಣ್ಣ ಪೈಪಿನಲ್ಲಿ ಎಂಜಿನ್ ಸುತ್ತ ಹಾಯಿಸುವ ಕಡೆ ಆ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟಿರುತ್ತಾರೆ. ಎಂಜಿನ್ ದಿನವಿಡೀ ತಣ್ಣೀರು ಸ್ನಾನದಲ್ಲೇ ಓಡುತ್ತದೆ. ಅಲ್ಲಿ ಥರ್ಮೋಸ್ಟಾಟ್ ಇಲ್ಲ, ನೀವೇ ಥರ್ಮೋಸ್ಟಾಟ್. ಎಂಜಿನ್ನಿನಿಂದ ಹೊರಬೀಳುವ ನೀರಿಗೆ ಕೈ ಹಿಡಿದರೆ ಹೆಚ್ಚು ಹೊತ್ತು ಹಿಡಿಯಲಾಗದಷ್ಟು ಬಿಸಿ ಬರುವವರೆಗೆ ನಲ್ಲಿಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಹಬೆ ಬರುವಷ್ಟು ಮಾತ್ರ ಕಟ್ಟಬೇಡಿ.