ಟಂಡ್ರಾ ಪ್ರದೇಶದ ಜೀವಲೋಕ

ಭೂಗೋಳದ ಪಾಠದಲ್ಲಿ ಟಂಡ್ರಾ ಎಂಬ ಹೆಸರು ಬಂದಾಗ ವಿದ್ಯಾರ್ಥಿಗಳು ಅದನ್ನು 'ಹಿಮದ ಮರುಭೂಮಿ' ಎಂದು ಬರೆದುಕೊಂಡು ಮುಂದಿನ ಪಾಠಕ್ಕೆ ಸಾಗುವುದು ವಾಡಿಕೆ. ಆ ಮಾತು ಪೂರ್ಣ ತಪ್ಪೆಂದು ಹೇಳಲಾಗದು. ಆದರೆ ಬರಡೆಂದು ತೋರುವ ಆ ನೆಲದಲ್ಲಿ ಅತ್ಯಲ್ಪ ಬಿಸಿಲು, ಅತ್ಯಲ್ಪ ಆಹಾರದಿಂದ ಬಾಳುವ ವಿದ್ಯೆಯನ್ನು ಕಲಿತ ಒಂದು ಜೀವಲೋಕವೇ ಅಡಗಿದೆ. ಇಂದು ಆ ಲೋಕದ ಬುನಾದಿಯೇ ಸಡಿಲವಾಗುತ್ತಿರುವುದರಿಂದ, ಅದರ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಉಚಿತವಾಗಿದೆ.

ಸ್ಥಾನ ಮತ್ತು ವಾಯುಗುಣ

ಟಂಡ್ರಾ ಎಂದರೆ ಮರಗಳಿಲ್ಲದ ಬಯಲು. ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡಿನ ಕರಾವಳಿ, ಸ್ಕ್ಯಾಂಡಿನೇವಿಯಾದ ಉತ್ತರ ಭಾಗ ಹಾಗೂ ರಷ್ಯಾ ದೇಶದ ಸೈಬೀರಿಯ, ಇವುಗಳ ಉತ್ತರದ ಅಂಚಿನಲ್ಲಿ ಇದು ಹಬ್ಬಿಕೊಂಡಿದೆ. ವರ್ಷದ ಅತ್ಯಂತ ಬೆಚ್ಚಗಿನ ತಿಂಗಳಲ್ಲಿಯೂ ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಮೀರದಿದ್ದಲ್ಲಿ ಮರಗಳು ಬೆಳೆಯಲಾರವು. ಅರಣ್ಯ ಮುಗಿದು ಟಂಡ್ರಾ ಆರಂಭವಾಗುವ ಗಡಿ ಸುಮಾರಾಗಿ ಇದೇ ಆಗಿದೆ.

ಈ ಲೇಖನದಲ್ಲಿ ನಾವು ವಿಶೇಷವಾಗಿ ಗಮನಿಸುವುದು ಸೈಬೀರಿಯದ ವಾಯವ್ಯದಲ್ಲಿ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಕಾರಾ ಸಮುದ್ರದೊಳಗೆ ಚಾಚಿರುವ ಯಮಾಲ್ ಪರ್ಯಾಯದ್ವೀಪವನ್ನು. ಅಲ್ಲಿಯ ನೆನೆಟ್ಸ್ ಜನರ ಭಾಷೆಯಲ್ಲಿ ಯಮಾಲ್ ಎಂದರೆ 'ನೆಲದ ಕೊನೆ' ಎಂದರ್ಥ. ಅದರ ಉತ್ತರ ಭಾಗದಲ್ಲಿ ಚಳಿಗಾಲದ ಸುಮಾರು ಎರಡು ತಿಂಗಳು ಸೂರ್ಯನು ಉದಯಿಸುವುದೇ ಇಲ್ಲ. ಬೇಸಿಗೆಯ ಎರಡು ತಿಂಗಳಿಗೂ ಹೆಚ್ಚು ಕಾಲ ಮುಳುಗುವುದೂ ಇಲ್ಲ. ಆದರೂ ಸೂರ್ಯನು ದಿಗಂತಕ್ಕೆ ಸಮೀಪದಲ್ಲೇ ಸುತ್ತುವುದರಿಂದ ಕಿರಣಗಳು ಓರೆಯಾಗಿ ಬಿದ್ದು ಅವುಗಳ ತಾಪ ಕುಂದುತ್ತದೆ.

ಟಂಡ್ರಾದ ಅನೇಕ ಭಾಗಗಳಲ್ಲಿ ಮಳೆ ಹಿಮಗಳೆರಡೂ ಸೇರಿ ವರ್ಷಕ್ಕೆ 150ರಿಂದ 250 ಮಿಲಿಮೀಟರಿನಷ್ಟು ಮಾತ್ರ ಬೀಳುತ್ತದೆ. ಹೀಗಿದ್ದೂ ಬೇಸಿಗೆಯಲ್ಲಿ ಎಲ್ಲೆಲ್ಲೂ ಕೆರೆ, ಕೊಳ, ಜೌಗುಗಳೇ ಕಾಣುತ್ತವೆ. ಇದಕ್ಕೆ ಕಾರಣ ನೆಲದಡಿಯಲ್ಲಿದೆ. ಇಲ್ಲಿಯ ಮಣ್ಣು ನೂರಾರು ಮೀಟರ್ ಆಳದವರೆಗೆ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿ ಬಂಡೆಯಂತಾಗಿದೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಅಡಿ ಮಣ್ಣು ಮಾತ್ರ ಕರಗುತ್ತದೆ. ಕರಗಿದ ನೀರಿಗೆ ಕೆಳಗಿಳಿಯಲು ದಾರಿಯಿಲ್ಲದೆ ಅದು ಮೇಲೆಯೇ ನಿಲ್ಲುತ್ತದೆ. ಈ ತೆಳುವಾದ ಪದರದಲ್ಲಿಯೇ ಟಂಡ್ರಾದ ಸಸ್ಯಗಳು ಬೇರೂರಬೇಕು.

ಸಸ್ಯವರ್ಗ

ನೆಟ್ಟಗೆ ನಿಂತರೆ ಗಾಳಿಗೆ ಬಲಿಯಾಗುವುದು ನಿಶ್ಚಯವಾದುದರಿಂದ ಇಲ್ಲಿಯ ಗಿಡಗಳು ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತವೆ. ವಿಲ್ಲೋ ಮತ್ತು ಭೂರ್ಜ ಜಾತಿಯವು ಬೇರೆಡೆ ಮರಗಳಾದರೂ ಇಲ್ಲಿಯ ಅವುಗಳ ಬಂಧುಗಳು ಬಹುಮಟ್ಟಿಗೆ ಪಾದದಿಂದ ಮೊಣಕಾಲೆತ್ತರದವರೆಗಿನ ಪೊದೆಗಳು. ಜೇಕಿನ ಜಾತಿಯ ಹುಲ್ಲುಗಳು, ಹಾವಸೆ, ಕಲ್ಲುಹೂವು ಇವೇ ನೆಲದ ಮುಖ್ಯ ಹೊದಿಕೆ. ನಮ್ಮ ಅಡಿಗೆಮನೆಯಲ್ಲಿ ಮಸಾಲೆಗೆ ಬಳಸುವ ಕಲ್ಲುಹೂವಿನ ವರ್ಗಕ್ಕೇ ಸೇರಿದ, ಬೂದುಬಣ್ಣದ ಕವಲುಕವಲಾದ ಒಂದು ಜಾತಿ ಇಲ್ಲಿಯ ಹಿಮಸಾರಂಗಕ್ಕೆ ಚಳಿಗಾಲದ ಆಹಾರವಾಗಿದೆ. ಅದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವುದರಿಂದ, ಒಮ್ಮೆ ಮೇದುಹೋದ ಜಾಗ ಮತ್ತೆ ಚೇತರಿಸಿಕೊಳ್ಳಲು ದಶಕಗಳೇ ಬೇಕಾಗುತ್ತವೆ.

ಹೂಬಿಡುವ ಗಿಡಗಳಿಗೆ ದೊರೆಯುವ ಕಾಲಾವಕಾಶ ಆರರಿಂದ ಹತ್ತು ವಾರ. ಕೆಲವು ಗಿಡಗಳು ದಿಂಬಿನಂತೆ ಒತ್ತಾಗಿ ಬೆಳೆದು ತಮ್ಮೊಳಗೆ ಬಿಸುಪನ್ನು ಹಿಡಿದಿಟ್ಟುಕೊಳ್ಳುತ್ತವೆ. ಉತ್ತರದ ಗಸಗಸೆ ಜಾತಿಯ ಹೂವು ಸೂರ್ಯನ ಕಡೆಗೇ ಮುಖ ತಿರುಗಿಸುತ್ತ, ತನ್ನ ಬಟ್ಟಲಿನಂಥ ದಳಗಳ ನಡುವೆ ಬಿಸಿಲನ್ನು ಕೂಡಿಸುತ್ತದೆ. ಆ ಬೆಚ್ಚನೆಯ ಆಶ್ರಯಕ್ಕೆ ಕೀಟಗಳು ಬರುತ್ತವೆ, ಪರಾಗಸ್ಪರ್ಶವೂ ಆಗುತ್ತದೆ.

ಹೆಪ್ಪುಗಟ್ಟಿದ ಈ ನೆಲ ಎಂಥ ಕಣಜವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಈಶಾನ್ಯ ಸೈಬೀರಿಯದ ಕೋಲಿಮಾ ನದಿಯ ಬಳಿ, 38 ಮೀಟರ್ ಆಳದಲ್ಲಿ, ಪ್ರಾಚೀನ ಅಳಿಲುಗಳ ಬಿಲಗಳಲ್ಲಿ ಅಡಗಿದ್ದ ಸುಮಾರು 32,000 ವರ್ಷಗಳಷ್ಟು ಹಳೆಯ ಕಾಯಿಗಳ ಅಂಗಾಂಶದಿಂದ ರಷ್ಯಾದ ವಿಜ್ಞಾನಿಗಳು ಗಿಡಗಳನ್ನು ಬೆಳೆಸಿ 2012ರಲ್ಲಿ ಅದನ್ನು ಪ್ರಕಟಿಸಿದರು. ಆ ಗಿಡಗಳು ಹೂಬಿಟ್ಟು ಬೀಜವನ್ನೂ ಕಟ್ಟಿದವು.

ಪ್ರಾಣಿವರ್ಗ

ಟಂಡ್ರಾದ ಪ್ರಾಣಿಗಳಲ್ಲಿ ಹಿಮಸಾರಂಗಕ್ಕೆ ಅಗ್ರಸ್ಥಾನ ಸಲ್ಲುತ್ತದೆ. ಸಾರಂಗದ ಕುಲದಲ್ಲಿ ಹೆಣ್ಣಿಗೂ ಕೊಂಬು ಮೂಡುವುದು ಇದರಲ್ಲಿ ಮಾತ್ರ. ಇದರ ರೋಮಗಳು ಒಳಗೆ ಟೊಳ್ಳಾಗಿದ್ದು, ಅಲ್ಲಿ ನಿಂತ ಗಾಳಿ ಚಳಿಯನ್ನು ತಡೆಯುತ್ತದೆ. ಅಗಲವಾದ ಗೊರಸುಗಳು ಬೇಸಿಗೆಯ ಜೌಗಿನಲ್ಲಿ ಹೂಳದಂತೆ ಕಾಯುತ್ತವೆ. ಚಳಿಗಾಲದಲ್ಲಿ ಹಿಮವನ್ನು ಕೆದಕಿ ಕಲ್ಲುಹೂವನ್ನು ಹೊರತೆಗೆಯಲು ಗುದ್ದಲಿಯಾಗುತ್ತವೆ.

ಗಾತ್ರದಲ್ಲಿ ಅತಿ ಸಣ್ಣದಾದರೂ ಲೆಮ್ಮಿಂಗ್ ಎಂಬ ಇಲಿಯ ಜಾತಿಯ ಪ್ರಾಣಿಯ ಮಹತ್ವ ಕಡಿಮೆಯದಲ್ಲ. ಹಲವೆಡೆ ಮೂರು ನಾಲ್ಕು ವರ್ಷಗಳಿಗೊಮ್ಮೆ ಇದರ ಸಂತತಿ ಅಪಾರವಾಗಿ ಹೆಚ್ಚಿ ಮತ್ತೆ ಕುಸಿಯುತ್ತದೆ. ಹಿಮನರಿ ಮತ್ತು ಬಿಳಿಗೂಬೆಗಳ ಸಂತಾನದ ಏಳುಬೀಳು ಇದನ್ನೇ ಅವಲಂಬಿಸಿದೆ. ಲೆಮ್ಮಿಂಗ್ ಕಡಿಮೆಯಾದ ವರ್ಷ ನರಿಗಳು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಮರಿಗಳ ಮೇಲೆ ಬೀಳುತ್ತವೆ.

ಈ ಹಕ್ಕಿಗಳ ಮೂಲಕ ಟಂಡ್ರಾಕ್ಕೂ ನಮ್ಮ ನಾಡಿಗೂ ನೇರವಾದ ನಂಟು ಇದೆ. ಲಿಟ್ಲ್ ಸ್ಟಿಂಟ್ ಎಂಬ, ಗುಬ್ಬಿಯಷ್ಟೇ ಗಾತ್ರದ ನೀರಂಚಿನ ಹಕ್ಕಿ ಸೈಬೀರಿಯದ ಟಂಡ್ರಾದಲ್ಲಿ ಮರಿಮಾಡಿ, ಚಳಿಗಾಲಕ್ಕೆ ಭಾರತದ ಕೆರೆಗಳಿಗೂ ಕಡಲತೀರಗಳಿಗೂ ಬರುತ್ತದೆ. ನಮ್ಮ ಕೆರೆಯಂಗಳದ ಕೆಸರಿನಲ್ಲಿ ಅದು ಹುಳುಗಳನ್ನು ಹೆಕ್ಕುವುದನ್ನು ಚಳಿಗಾಲದಲ್ಲಿ ಯಾರಾದರೂ ನೋಡಬಹುದು.

ಜನಜೀವನ ಮತ್ತು ಇಂದಿನ ಸಂಕಟ

ರಷ್ಯಾದ ಉತ್ತರದಲ್ಲಿರುವ ನೆನೆಟ್ಸ್ ಜನರು 40,000ಕ್ಕೂ ಮಿಗಿಲು. ಯಮಾಲಿನಲ್ಲಿ ಅವರಲ್ಲಿ ಅನೇಕರು ಇಂದಿಗೂ ಹಿಮಸಾರಂಗದ ಹಿಂಡುಗಳೊಡನೆ ಬೇಸಿಗೆಯಲ್ಲಿ ಉತ್ತರಕ್ಕೂ ಚಳಿಗಾಲದಲ್ಲಿ ದಕ್ಷಿಣಕ್ಕೂ ವಲಸೆ ಹೋಗುತ್ತಾರೆ. ಅವರಿಗೆ ಆಹಾರ, ಉಡುಪು, ಡೇರೆಯ ಹೊದಿಕೆ, ವಾಹನ ಎಲ್ಲವೂ ಈ ಪ್ರಾಣಿಯೇ.

2013ರ ನವೆಂಬರಿನಲ್ಲಿ ಯಮಾಲಿನ ಹಿಮದ ಮೇಲೆ ಅಕಾಲಿಕವಾಗಿ ಮಳೆ ಸುರಿಯಿತು. ಬೆನ್ನಹಿಂದೆಯೇ ಕಡುಚಳಿ ಬಂದು ಆ ನೀರು ಗಟ್ಟಿಯಾದ ಮಂಜುಗಡ್ಡೆಯ ಪದರವಾಯಿತು. ಹಿಮವನ್ನು ಕೆದಕಬಲ್ಲ ಗೊರಸು ಈ ಗಡ್ಡೆಯನ್ನು ಒಡೆಯಲಾರದಾಯಿತು. ಕಾಲಡಿಯಲ್ಲೇ ಮೇವಿದ್ದರೂ ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತವು. ಅನೇಕ ಕುಟುಂಬಗಳು ಒಂದೇ ಚಳಿಗಾಲದಲ್ಲಿ ಸರ್ವಸ್ವವನ್ನೂ ಕಳೆದುಕೊಂಡವು. ಮುಂದೆ 2016ರ ಬೇಸಿಗೆಯಲ್ಲಿ ಉಷ್ಣತೆ 35 ಡಿಗ್ರಿಯವರೆಗೆ ಏರಿತು. ನೆಲ ಆಳದವರೆಗೆ ಕರಗಿ, ಹಿಂದೆಂದೋ ಹೂತಿದ್ದ ಕಳೇಬರಗಳಿಂದ ನೆರಡಿ ರೋಗದ ಕಣಗಳು ಹೊರಬಂದವೆಂದು ಭಾವಿಸಲಾಗಿದೆ. 1941ರ ತರುವಾಯ ಅಲ್ಲಿ ಕಾಣಿಸದಿದ್ದ ಆ ರೋಗಕ್ಕೆ 2,000ಕ್ಕೂ ಹೆಚ್ಚು ಹಿಮಸಾರಂಗಗಳೂ ಹನ್ನೆರಡು ವರ್ಷದ ಒಬ್ಬ ಬಾಲಕನೂ ಬಲಿಯಾದರು.

ಇದು ದೂರದ ಜನರ ಕಷ್ಟವೆಂದು ನಾವು ಸುಮ್ಮನಿರುವಂತಿಲ್ಲ. 1979ರಿಂದೀಚೆಗೆ ಆರ್ಕ್ಟಿಕ್ ವಲಯವು ಭೂಮಿಯ ಸರಾಸರಿಗಿಂತ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆಯೆಂದು 2022ರ ಒಂದು ಅಧ್ಯಯನ ತೋರಿಸಿದೆ. ಸಾವಿರಾರು ವರ್ಷ ಕೊಳೆಯದೆ ಉಳಿದ ಸಸ್ಯಾವಶೇಷಗಳ ರೂಪದಲ್ಲಿ, ಇಂದು ವಾಯುಮಂಡಲದಲ್ಲಿರುವ ಇಂಗಾಲದ ಸುಮಾರು ಎರಡರಷ್ಟು ಉತ್ತರದ ಹೆಪ್ಪುನೆಲದಲ್ಲಿ ಸಂಚಿತವಾಗಿದೆ. ನೆಲ ಕರಗಿದಂತೆ ಸೂಕ್ಷ್ಮಜೀವಿಗಳು ಆ ಅವಶೇಷಗಳನ್ನು ಕೊಳೆಸಿ ಇಂಗಾಲಾಮ್ಲವನ್ನೂ ಮೀಥೇನನ್ನೂ ಬಿಡುಗಡೆ ಮಾಡುತ್ತವೆ. ಅದರಿಂದ ಭೂಮಿ ಇನ್ನಷ್ಟು ಬಿಸಿಯಾಗುತ್ತದೆ, ನೆಲ ಇನ್ನಷ್ಟು ಕರಗುತ್ತದೆ. ಕಾಡ್ಗಿಚ್ಚಿನ ಹೊಗೆಯನ್ನೂ ಲೆಕ್ಕಕ್ಕೆ ಹಿಡಿದರೆ ಟಂಡ್ರಾ ಈಗ ತಾನು ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಬಿಡುತ್ತಿದೆಯೆಂದು 2024ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಭಾರತವೂ ಈ ವಿಷಯದಲ್ಲಿ ಉದಾಸೀನವಾಗಿಲ್ಲ. ಸ್ವಾಲ್‌ಬಾರ್ಡ್ ದ್ವೀಪದ ನ್ಯೂ ಓಲೆಸುಂಡ್ ಎಂಬಲ್ಲಿ, ಉತ್ತರ ಅಕ್ಷಾಂಶ 79 ಡಿಗ್ರಿಯ ಬಳಿ, 2008ರಲ್ಲಿ 'ಹಿಮಾದ್ರಿ' ಎಂಬ ಸಂಶೋಧನಾ ಕೇಂದ್ರವನ್ನು ಅದು ತೆರೆಯಿತು. ಧ್ರುವಪ್ರದೇಶದ ಬದಲಾವಣೆಗೂ ನಮ್ಮ ಮುಂಗಾರಿಗೂ ಇರಬಹುದಾದ ಸಂಬಂಧದ ಅಧ್ಯಯನವೂ ಅದರ ಉದ್ದೇಶಗಳಲ್ಲೊಂದು.

ಟಂಡ್ರಾದ ನೆಲ 'ಶಾಶ್ವತವಾಗಿ ಹೆಪ್ಪುಗಟ್ಟಿದುದು' ಎಂದು ನಮ್ಮ ತರಗತಿಗಳಲ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ಆ 'ಶಾಶ್ವತ' ಎಂಬ ಪದವನ್ನು ಇನ್ನು ಮುಂದೆ ಎಚ್ಚರದಿಂದ ಬಳಸಬೇಕಾಗಿದೆ. ಚಳಿಗಾಲದಲ್ಲಿ ಊರ ಕೆರೆಗೆ ಬಂದಿಳಿಯುವ ಆ ಪುಟ್ಟ ಹಕ್ಕಿಯನ್ನು ತೋರಿಸಿ, ಅದು ಎಲ್ಲಿಂದ ಬಂದಿತು, ಅದರ ತವರು ಈಗ ಹೇಗಿದೆ ಎಂದು ಅಧ್ಯಾಪಕರು ಮಕ್ಕಳಿಗೆ ಹೇಳಿದರೆ ಟಂಡ್ರಾದ ಪಾಠ ಅವರ ಮನಸ್ಸಿನಲ್ಲಿ ಉಳಿದೀತು.