ಕೀ ಕೊಟ್ಟರೆ ಓಡುವ ಕಾಲ

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚೀಟಿ ಮೊದಲಾದವನ್ನು ಕೂಡಿಡುವ ಹವ್ಯಾಸಿಗಳು ಎಲ್ಲ ಊರುಗಳಲ್ಲಿಯೂ ಉಂಟು. ಅವರ ಸಾಲಿಗೆ ಕೈಗಡಿಯಾರಗಳ ಸಂಗ್ರಾಹಕರೂ ಸೇರಿದ್ದಾರೆ. ಲಕ್ಷಗಟ್ಟಲೆ ಬೆಲೆಬಾಳುವ ಸ್ವಿಸ್ ಗಡಿಯಾರಗಳನ್ನು ಕೊಳ್ಳಬಲ್ಲ ಸಿರಿವಂತರ ಮಾತು ಇಲ್ಲಿ ಬೇಡ. ಸಾಮಾನ್ಯ ಗೃಹಸ್ಥನಿಗೂ ಎಟುಕುವ ಒಂದು ಸಂಗ್ರಹವುಂಟು. ಅದರ ಮೂಲವೂ ದೂರವಿಲ್ಲ; ಬೆಂಗಳೂರೇ ಅದರ ತವರು.

ಬೆಂಗಳೂರಿನ ಕೂಸು

ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ ಹುಟ್ಟಿದ್ದು 1953ರಲ್ಲಿ. ಯಂತ್ರಗಳನ್ನು ತಯಾರಿಸುವ ಯಂತ್ರಗಳೇ ಅದರ ಮೊದಲ ಕಸುಬು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಅದು ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ತಲೆಯೆತ್ತಿತು. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್, ಹೆಂಗಳೆಯರ ಸುಜಾತಾ—ಈ ಹೆಸರುಗಳು ಮನೆಮಾತಾದವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತನಾದ ಗುಮಾಸ್ತನಿಗೆ ಸಲ್ಲುತ್ತಿದ್ದ ಉಡುಗೊರೆ ಅನೇಕ ಬಾರಿ ಇವುಗಳಲ್ಲೊಂದೇ ಆಗಿರುತ್ತಿತ್ತು.

ಒಳಗಿನ ಲೋಕ

ಹಿಂಬದಿಯ ಮುಚ್ಚಳ ತೆರೆದರೆ ಕಾಣುವುದು ಒಂದು ಪುಟ್ಟ ಜಗತ್ತು. ಕೀ ಕೊಟ್ಟಾಗ ಉಕ್ಕಿನ ಸುರುಳಿ ಬಿಗಿಯುತ್ತದೆ. ಅದು ಮೆಲ್ಲಗೆ ಬಿಚ್ಚಿಕೊಳ್ಳುವಾಗ ಹಲ್ಲಿನ ಚಕ್ರಗಳು ಒಂದನ್ನೊಂದು ತಿರುಗಿಸುತ್ತವೆ. ಆ ವೇಗಕ್ಕೆ ಕಡಿವಾಣ ಹಾಕುವುದು ಅತ್ತಿತ್ತ ತೂಗುವ ಸಣ್ಣ ಚಕ್ರ. ಜನತಾ ಗಡಿಯಾರದಲ್ಲಿ ಅದು ಸೆಕೆಂಡಿಗೆ 5 ಬಾರಿ, ಎಂದರೆ ದಿನಕ್ಕೆ 4,32,000 ಬಾರಿ ಮಿಡಿಯುತ್ತದೆ! ಸವೆತ ತಗ್ಗಿಸಲು ಅಚ್ಚುಗಳ ತುದಿಗಳನ್ನು ಕೃತಕ ಮಾಣಿಕ್ಯದ ಹರಳುಗಳಲ್ಲಿ ಕೂರಿಸಲಾಗಿದೆ. ಮುಖದ ಮೇಲಿನ ‘17 ಜ್ಯುವೆಲ್ಸ್’ ಎಂಬ ಬರಹದ ಅರ್ಥ ಇದೇ.

ಬ್ಯಾಟರಿಯ ಕ್ವಾರ್ಟ್ಸ್ ಗಡಿಯಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ನಿಖರತೆಯಲ್ಲಿ ಅದರ ಮುಂದೆ ಕೀ ಗಡಿಯಾರ ನಿಲ್ಲಲಾರದು. ಆದರೆ ದಿನದ 86,400 ಸೆಕೆಂಡುಗಳಲ್ಲಿ ಇಪ್ಪತ್ತು ಮೂವತ್ತನ್ನು ಮಾತ್ರ ತಪ್ಪುವ ಬಡ ಯಂತ್ರವನ್ನು ಕಂಡು ಬೆರಗಾಗದವರಾರು? ಬೆಳಗಿನ ಕಾಫಿಗೆ ಮುನ್ನ ಕೀ ಕೊಟ್ಟು, ಕಿವಿಗೆ ಹಿಡಿದು, ಅದರ ಟಿಕ್ ಟಿಕ್ ಆಲಿಸುವ ಸುಖವನ್ನು ಹವ್ಯಾಸಿಯೇ ಬಲ್ಲ.

ಅಸಲಿಯೋ, ನಕಲಿಯೋ?

ಹೊಸಬರು ಎಡವುವುದು ಇಲ್ಲಿಯೇ. ಹಳೆಯ ಗಡಿಯಾರವೆಂದು ಥಳಥಳಿಸುವ ಬಣ್ಣದ ಮುಖವನ್ನು ತೋರಿಸಿ ಮಾರುವವರುಂಟು. ಮುಖಕ್ಕೆ ಹೊಸದಾಗಿ ಬಣ್ಣ ಬಳಿದು, ಹತ್ತು ಗಡಿಯಾರಗಳ ಬಿಡಿಭಾಗಗಳನ್ನು ಒಂದರಲ್ಲಿ ಜೋಡಿಸಿರುವುದೂ ಉಂಟು. ಅಕ್ಷರಗಳು ದಪ್ಪವಾಗಿದ್ದರೆ, ನಿಮಿಷದ ಗೆರೆಗಳು ಸೊಟ್ಟಗಿದ್ದರೆ, ಮುಳ್ಳುಗಳು ಆ ಗೆರೆಗಳನ್ನು ಮುಟ್ಟದಷ್ಟು ಗಿಡ್ಡವಾಗಿದ್ದರೆ ಸಂಶಯಪಡಬೇಕು. ಮುಚ್ಚಳ ತೆರೆಸಿ ಒಳಗನ್ನು ನೋಡದೆ ಹಣ ಕೊಡಲಾಗದು. ತುಸು ಮಾಸಿದ ಅಸಲಿ ಮುಖ, ಮಿರುಗುವ ನಕಲಿ ಮುಖಕ್ಕಿಂತ ಎಷ್ಟೋ ಮೇಲು.

ಕೆಲವು ಗಡಿಯಾರಗಳ ಬೆನ್ನಿನ ಮೇಲೆ ಉಡುಗೊರೆ ಪಡೆದವರ ಹೆಸರು, ದಿನಾಂಕ ಕೆತ್ತಿರುತ್ತದೆ. ಅದನ್ನು ಕಲೆಯೆಂದು ಉಜ್ಜಿಸಿ ಹಾಕುವುದು ಅವಿವೇಕ. ಯಾರೋ ಒಬ್ಬರು ಮೂವತ್ತು ವರ್ಷ ದುಡಿದುದಕ್ಕೆ ಉಳಿದ ಸಾಕ್ಷಿ ಪ್ರಾಯಶಃ ಅದೊಂದೇ.

ಉಳಿಸುವ ಬಗೆ

ಎಚ್.ಎಂ.ಟಿ. ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆಯಿತ್ತಿತು. ಸಂಸ್ಥೆಯ ಚರಿತ್ರೆಯನ್ನು ಹೇಳುವ ವಸ್ತುಸಂಗ್ರಹಾಲಯವೊಂದು 2019ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಆದರೆ ಹಳೆಯ ಯಂತ್ರಗಳಿಗೆ ಬೇಕಾದ ಬಿಡಿಭಾಗಗಳನ್ನು ಒದಗಿಸುತ್ತಿದ್ದ ಕಾರ್ಖಾನೆ ಇಲ್ಲವಾಯಿತು. ಒಂದು ಗಡಿಯಾರ ಬದುಕಬೇಕಾದರೆ ಎಷ್ಟೋ ಸಲ ಇನ್ನೊಂದು ಸಾಯಬೇಕು. ಯಾವುದನ್ನು ಒಡೆಯುವುದು, ಯಾವುದನ್ನು ಉಳಿಸುವುದು? ಸಂಗ್ರಾಹಕನ ಧರ್ಮಸಂಕಟ ಇದು.

ಅದಕ್ಕಿಂತ ಬೇಗ ಕರಗುತ್ತಿರುವ ಇನ್ನೊಂದು ಆಸ್ತಿಯೂ ಉಂಟು: ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಕೂದಲೆಳೆಯಂಥ ಸುರುಳಿಯನ್ನು ಚಿಮುಟದಿಂದ ಸರಿಪಡಿಸುವ ರಿಪೇರಿಗಾರರ ವಿದ್ಯೆ. ಒಳಗಿನ ಎಣ್ಣೆ ಕಾಲಕ್ರಮದಲ್ಲಿ ಒಣಗುವುದರಿಂದ ನಾಲ್ಕೈದು ವರ್ಷಗಳಿಗೊಮ್ಮೆ ಗಡಿಯಾರವನ್ನು ಬಿಚ್ಚಿ ತೊಳೆಸಿ, ಹೊಸ ಎಣ್ಣೆ ಹಾಕಿಸುವುದು ಅಗತ್ಯ. ಅಂಥ ಕೈಗಳಿಗೆ ಕೆಲಸ ಕೊಟ್ಟು, ನ್ಯಾಯವಾದ ಕೂಲಿಯನ್ನು ಚೌಕಾಸಿಯಿಲ್ಲದೆ ತೆರುವವನೇ ನಿಜವಾದ ಹವ್ಯಾಸಿ. ಪೆಟ್ಟಿಗೆಯಲ್ಲಿ ಐವತ್ತನ್ನು ಮುಚ್ಚಿಡುವುದಕ್ಕಿಂತ, ಐದನ್ನು ಓಡುವಂತಿಟ್ಟುಕೊಂಡು ಸರದಿಯಲ್ಲಿ ಕಟ್ಟಿಕೊಳ್ಳುವುದು ಲೇಸು.

ಅಂಗಡಿಗಳನ್ನು ಅಲೆಯುವ ಮೊದಲು ಮನೆಯ ಹಳೆಯ ಟ್ರಂಕನ್ನೊಮ್ಮೆ ಶೋಧಿಸಬಹುದು. ಅಜ್ಜನ ಗಡಿಯಾರ ಅಲ್ಲಿ ಎಷ್ಟೋ ವರ್ಷಗಳಿಂದ ಸುಮ್ಮನೆ ಮಲಗಿದ್ದೀತು. ಅವಸರಪಟ್ಟು ಕೀ ತಿರುವದೆ, ಮೊದಲು ಬಲ್ಲವರ ಕೈಗೆ ಒಪ್ಪಿಸುವುದು ಜಾಣತನ.